ಟಿಲ್ಲರಿನ ಸವೆದ ಪುಲ್ಲಿ

ಶಿಕಾರಿಪುರ, ಸೊರಬ ತಾಲ್ಲೂಕುಗಳಲ್ಲಿ ಪುನರ್ವಸು ಮಳೆ ಹಿಡಿದು ಗದ್ದೆಗಳಲ್ಲಿ ನೀರು ನಿಂತಿತೆಂದರೆ ಸಾಕು, ನಾಲ್ಕೂ ದಿಕ್ಕಿನಿಂದ ಟಿಲ್ಲರಿನ ಸದ್ದು ಕೇಳಬರುತ್ತದೆ. ಪೇಟೆಯಲ್ಲಿ ಮನೆ, ಹಳ್ಳಿಯಲ್ಲಿ ಗದ್ದೆ ಇರುವ ಸಂಸಾರಗಳು ಈ ಸೀಮೆಯಲ್ಲಿ ಎಷ್ಟೋ ಇವೆ. ಅಂಥವರ ಕೊಟ್ಟಿಗೆಯಲ್ಲಿ ಎತ್ತು ಕಟ್ಟುತ್ತಿದ್ದ ಜಾಗದಲ್ಲಿ ಈಗ ಹಳೆಯ ಟಿಲ್ಲರೊಂದು ನಿಂತಿರುವುದುಂಟು. ೧೯೬೭ರಲ್ಲಿ ಬೆಂಗಳೂರಿನ ವಿ.ಎಸ್.ಟಿ. ಸಂಸ್ಥೆ ಜಪಾನಿನ ಮಿತ್ಸುಬಿಷಿಯ ಸಹಯೋಗದಿಂದ ಸ್ಥಾಪನೆಯಾದ ಮೇಲೆ ಈ ಯಂತ್ರ ನಮ್ಮ ರೈತರಿಗೆ ಕ್ರಮೇಣ ಪರಿಚಿತವಾಗುತ್ತ ಬಂದಿತು. ಚೆನ್ನಾಗಿ ನೋಡಿಕೊಂಡರೆ ಅದು ಬಹುಕಾಲ ಬಾಳುವ ಯಂತ್ರ.

ಇಂಥ ಹಳೆಯ ಟಿಲ್ಲರು ಕೆಸರುಗದ್ದೆಗೆ ಇಳಿದಾಗ ಒಂದು ರೋಗ ತಲೆದೋರುತ್ತದೆ. ಎಂಜಿನ್ನು ಜೋರಾಗಿ ಓಡುತ್ತಿರುತ್ತದೆ, ಆದರೆ ಚಕ್ರ ನಿಂತುಬಿಡುತ್ತದೆ. ಸುಟ್ಟ ರಬ್ಬರಿನ ವಾಸನೆ ಬರುತ್ತದೆ. ಬೆಲ್ಟು ಸಡಿಲವಾಗಿದೆಯೆಂದು ಬಿಗಿ ಮಾಡುತ್ತಾರೆ. ಅದಕ್ಕೂ ಬಗ್ಗದಿದ್ದರೆ ಹೊಸ ಬೆಲ್ಟು ಹಾಕುತ್ತಾರೆ. ಕೆಲವು ದಿನ ಕಳೆಯುವುದರೊಳಗೆ ಮತ್ತೆ ಅದೇ ಕತೆ. ಬೆಲ್ಟು ಕಳಪೆಯೆಂದು ಅಂಗಡಿಯವರನ್ನು ದೂರುವುದೂ ಆಗುತ್ತದೆ. ಎಷ್ಟೋ ವೇಳೆ ತಪ್ಪು ಬೆಲ್ಟಿನದಲ್ಲ, ಬೆಲ್ಟು ಕೂರುವ ಪುಲ್ಲಿಯದು.

ಇದು ಅರ್ಥವಾಗಬೇಕಾದರೆ ಮನೆಯ ಬಾವಿಯ ರಾಟೆಯನ್ನು ನೆನೆಯಬೇಕು. ಅಲ್ಲಿ ಹಗ್ಗ ತೋಡಿನ ತಳದಲ್ಲಿ ಕುಳಿತು ಓಡುತ್ತದೆ. ಟಿಲ್ಲರಿನ ಬೆಲ್ಟು ಹಾಗಲ್ಲ. ಅದು ಬೆಣೆಯ ಆಕಾರದ್ದು. ಮೇಲೆ ಅಗಲ, ಕೆಳಗೆ ಕಿರಿದು. ೧೯೧೭ರಲ್ಲಿ ಅಮೆರಿಕದ ಜಾನ್ ಗೇಟ್ಸ್ ಎಂಬವರು ರೂಪಿಸಿದ ಬೆಲ್ಟು ಇದು. ಮರಕ್ಕೆ ಹೊಡೆದ ಬೆಣೆಯಂತೆ ಇದು ಪುಲ್ಲಿಯ ತೋಡಿನ ಎರಡು ಪಕ್ಕಗಳನ್ನೂ ಒತ್ತಿ ಹಿಡಿಯುತ್ತದೆ. ಆದುದರಿಂದಲೇ ಚಪ್ಪಟೆ ಬೆಲ್ಟಿಗಿಂತ ಇದರ ಹಿಡಿತ ಸುಮಾರು ಮೂರು ಪಟ್ಟು ಹೆಚ್ಚು. ಬೆಲ್ಟಿನ ಕೆಳಭಾಗ ತೋಡಿನ ತಳವನ್ನು ಮುಟ್ಟಲೇಕೂಡದು. ಕೆಸರು, ಮರಳು, ಧೂಳು ಸೇರಿ ವರ್ಷಗಟ್ಟಲೆ ತಿಕ್ಕಿದಾಗ ಪಕ್ಕದ ಗೋಡೆಗಳು ಒಳಗೊಳಗೇ ತೇದುಹೋಗುತ್ತವೆ. ಬೆಲ್ಟು ಕುಸಿದು ತಳಕ್ಕೆ ತಾಗುತ್ತದೆ. ಆಮೇಲೆ ಎಷ್ಟು ಬಿಗಿದರೂ ಜಾರುವುದು ತಪ್ಪದು. ಅತಿಯಾಗಿ ಬಿಗಿದುದರಿಂದ ಬೇರಿಂಗು ಕೆಡುತ್ತದೆ, ಅಷ್ಟೆ.

ಪರೀಕ್ಷೆ ಸುಲಭ. ಎಂಜಿನ್ ನಿಲ್ಲಿಸಿ, ಅದು ಆರಿದ ಮೇಲೆ ಬೆಲ್ಟು ಕಳಚಿ ತೋಡನ್ನು ಒರೆಸಿ ನೋಡಿ. ತಳ ಕನ್ನಡಿಯಂತೆ ಹೊಳೆಯುತ್ತಿದ್ದರೆ ಬೆಲ್ಟು ತಳ ಹಿಡಿದಿದೆಯೆಂದೇ ಅರ್ಥ. ಹೊಸ ಬೆಲ್ಟಿನ ಒಂದು ಭಾಗವನ್ನು ತೋಡಿನಲ್ಲಿ ಕೂರಿಸಿ. ಅದರ ಬೆನ್ನು ಪುಲ್ಲಿಯ ಅಂಚಿಗೆ ಸಮವಾಗಿ ಅಥವಾ ತುಸು ಮೇಲೆ ನಿಲ್ಲಬೇಕು. ತೋಡಿನ ಆಕಾರಕ್ಕೆ ಕತ್ತರಿಸಿದ ತಗಡಿನ ಅಳತೆಯನ್ನು ಇಟ್ಟು, ಹಿಂದಿನಿಂದ ಟಾರ್ಚು ಹಿಡಿದಾಗ ಗೋಡೆಯ ಬಳಿ ೦.೮ ಮಿಲಿಮೀಟರಿಗಿಂತ ಹೆಚ್ಚಿನ ಸಂದು ಕಂಡರೆ ಆ ಪುಲ್ಲಿಯ ಆಯುಸ್ಸು ಮುಗಿಯಿತು. ಬೀಡಿನ ಪುಲ್ಲಿಯಾದರೆ ಬಿರುಕಿದೆಯೇ ಎಂದೂ ತಿಳಿಯಬೇಕು. ಸಂತೆಯಲ್ಲಿ ಮಡಕೆ ಕೊಳ್ಳುವಾಗ ಬೆರಳಿನಿಂದ ತಟ್ಟಿ ನೋಡುತ್ತೇವಲ್ಲವೆ? ಹಾಗೆಯೇ ಕಳಚಿದ ಪುಲ್ಲಿಯನ್ನು ತೂಗುಹಾಕಿ ಸಣ್ಣ ಸುತ್ತಿಗೆಯಿಂದ ಮೆಲ್ಲನೆ ತಟ್ಟಬೇಕು. ಗಟ್ಟಿಯಾದುದು ಗಂಟೆಯಂತೆ ನುಡಿಯುತ್ತದೆ, ಬಿರುಕು ಬಿಟ್ಟದ್ದು ಬೊದ್ದೆನ್ನುತ್ತದೆ. ಬಿರುಕು ಬಿಟ್ಟ ಪುಲ್ಲಿಗೆ ಬೆಸುಗೆ ಹಾಕಿಸಿ ಓಡಿಸುವುದು ಪ್ರಾಣಾಪಾಯದ ಕೆಲಸ. ವೇಗದಲ್ಲಿ ಅದು ಒಡೆದರೆ ಚೂರು ಯಾರಿಗೆ ಬಡಿದೀತೆಂದು ಹೇಳಲಾಗದು.

ಬಿರುಕಿಲ್ಲದೆ ಬರಿ ಸವೆದಿದ್ದರೆ ನಮ್ಮ ಮುಂದೆ ಮೂರು ದಾರಿಗಳಿವೆ.

ಮೊದಲನೆಯದು, ಲೇತಿನಲ್ಲಿ ತೋಡನ್ನು ಮತ್ತೆ ಕೊರೆಸುವುದು. ಸವೆತ ಅಲ್ಪವಾಗಿದ್ದು ತೋಡಿನ ಕೆಳಗೆ ಸಾಕಷ್ಟು ದಪ್ಪ ಉಳಿದಿದ್ದರೆ ಮಾತ್ರ ಇದು ಸಾಧು. ಬೆಲ್ಟಿನ ಕೋನ ೪೦ ಡಿಗ್ರಿ. ಆದರೆ ಬಾಗಿದಾಗ ಬೆಲ್ಟಿನ ಒಳಭಾಗ ಉಬ್ಬುವುದರಿಂದ ಪುಲ್ಲಿಯ ತೋಡು ಅದರ ಗಾತ್ರಕ್ಕೆ ತಕ್ಕಂತೆ ೩೪ರಿಂದ ೩೮ ಡಿಗ್ರಿ ಇರಬೇಕು. ಪುಲ್ಲಿ ಚಿಕ್ಕದಾದಷ್ಟೂ ಕೋನ ಕಡಿಮೆ. ಇದನ್ನು ಟರ್ನರಿಗೆ ಮೊದಲೇ ಹೇಳಬೇಕು. ಎರಡು ಮೂರು ತೋಡುಗಳಿದ್ದರೆ ಎಲ್ಲವನ್ನೂ ಒಂದೇ ಅಳತೆಗೆ ತರಬೇಕು. ಒಂದು ಲೆಕ್ಕವನ್ನು ಮರೆಯಬಾರದು: ಎಂಜಿನ್ನಿನ ಪುಲ್ಲಿಯಲ್ಲಿ ಬೆಲ್ಟು ಓಡುವ ವ್ಯಾಸ ೧೨೦ ಮಿಲಿಮೀಟರಿನಿಂದ ೧೧೪ಕ್ಕೆ ಇಳಿದರೆ ಟಿಲ್ಲರಿನ ವೇಗ ನೂರಕ್ಕೆ ಐದರಷ್ಟು ತಗ್ಗುತ್ತದೆ.

ಎರಡನೆಯದು, ಹೊಸ ಪುಲ್ಲಿ ಕೊಳ್ಳುವುದು. ಸಿಗುವುದಾದರೆ ಇದೇ ಉತ್ತಮ. ಅಂಗಡಿಗೆ ಹೋಗುವಾಗ ಹಳೆಯದನ್ನು ಜೊತೆಗೆ ಒಯ್ಯಿರಿ. ಹೊರವ್ಯಾಸ, ತೋಡುಗಳ ಸಂಖ್ಯೆ, ಬೆಲ್ಟಿನ ಜಾತಿ, ನಡುವಿನ ತೂತು, ಕೀ ಕೂರುವ ಗಾಡಿಯ ಅಗಲ, ಗುಂಭದ ಉದ್ದ, ಇವೆಲ್ಲ ಹೊಂದಬೇಕು. ‘ಬಿ’ ಎಂದು ಗುರುತಾದ ಬೆಲ್ಟು ಮೇಲ್ಗಡೆ ೧೭ ಮಿಲಿಮೀಟರ್ ಅಗಲ, ಸುಮಾರು ೧೧ ಮಿಲಿಮೀಟರ್ ದಪ್ಪ ಇರುತ್ತದೆ.

ಮೂರನೆಯದು, ತಯಾರಿಕೆ ನಿಂತುಹೋದ ಮಾದರಿಗಳಿಗೆ. ಎರಕದ ಕೆಲಸ ಶಿವಮೊಗ್ಗದಲ್ಲಿ ನಡೆಯುತ್ತದೆ, ದೂರ ಹೋಗಬೇಕಾಗಿಲ್ಲ. ಆದರೆ ಸವೆದ ಪುಲ್ಲಿಯನ್ನೇ ಅಚ್ಚಾಗಿ ಕೊಟ್ಟರೆ ಬರುವ ಎರಕ ಇನ್ನೂ ಚಿಕ್ಕದಾಗಿರುತ್ತದೆ. ಬೀಡು ಆರುವಾಗ ನೂರಕ್ಕೆ ಸುಮಾರು ಒಂದರಷ್ಟು ಕುಗ್ಗುತ್ತದೆ. ಆದುದರಿಂದ ಕುಗ್ಗುವಷ್ಟನ್ನೂ ಲೇತಿನಲ್ಲಿ ತೆಗೆಯುವಷ್ಟನ್ನೂ ಸೇರಿಸಿ ಮರದಲ್ಲಿ ಅಚ್ಚು ಮಾಡಿಸಬೇಕು. ಗುಡಿಗಾರರ ಕೆತ್ತನೆಗೆ ಹೆಸರಾದ ಸೊರಬದವರಿಗೆ ಮರಗೆಲಸದ ಬೆಲೆಯನ್ನು ಬೇರೆ ಹೇಳಬೇಕಾಗಿಲ್ಲ.

ಪುಲ್ಲಿಯನ್ನು ಕಳಚುವಾಗ ಸುತ್ತಿಗೆಯಿಂದ ಹೊಡೆಯಬೇಡಿ, ಬೀಡು ಸೀಳುತ್ತದೆ. ಪುಲ್ಲರ್ ಹಾಕಿ ಎಳೆಯಬೇಕು. ಕೂರಿಸಿದ ಮೇಲೆ ಎರಡೂ ಪುಲ್ಲಿಗಳ ಮೈಗೆ ದಾರ ಹಿಡಿದು ಒಂದೇ ನೇರದಲ್ಲಿವೆಯೇ ಎಂದು ನೋಡಬೇಕು. ಬೆಲ್ಟುಗಳನ್ನು ಒಟ್ಟಿಗೇ ಬದಲಿಸಬೇಕು. ಹಳೆಯದೊಂದು, ಹೊಸದೊಂದು ಹಾಕಿದರೆ ಹೊರೆಯೆಲ್ಲ ಹೊಸದರ ಮೇಲೆ ಬೀಳುತ್ತದೆ. ಪುಲ್ಲಿಯಿಂದ ಪುಲ್ಲಿಗೆ ಬೆಲ್ಟಿನ ಉದ್ದ ೩೦೦ ಮಿಲಿಮೀಟರ್ ಇದ್ದರೆ, ನಡುವೆ ಒತ್ತಿದಾಗ ಸುಮಾರು ೫ ಮಿಲಿಮೀಟರ್ ಬಗ್ಗುವುದು ಸಾಮಾನ್ಯ ನಿಯಮ. ಯಂತ್ರದ ಕೈಪಿಡಿಯಲ್ಲಿ ಬೇರೆ ಅಳತೆ ಇದ್ದರೆ ಅದೇ ಪ್ರಮಾಣ. ಕೊನೆಗೆ ಮುಚ್ಚಳವನ್ನು ತಪ್ಪದೆ ಹಾಕಿ. ಓಡುವ ಬೆಲ್ಟಿಗೆ ಪಂಚೆಯ ಸೆರಗಾಗಲಿ, ಬೆರಳಾಗಲಿ ಸಿಕ್ಕಿದರೆ ಬಿಡಿಸಿಕೊಳ್ಳಲು ಅವಕಾಶವಿರುವುದಿಲ್ಲ.

ಈ ಕೆಲಸಕ್ಕೆಲ್ಲ ತಕ್ಕ ಕಾಲ ಬೇಸಗೆ. ನಾಟಿಯ ವಾರದಲ್ಲಿ ಲೇತಿನವರ ಮುಂದೆ ಸಾಲು ನಿಂತರೆ ಗದ್ದೆಯ ನೀರು ನಮಗಾಗಿ ಕಾಯುವುದಿಲ್ಲ, ಮಡಿಯ ಸಸಿಯೂ ಬಲಿತುಹೋಗುತ್ತದೆ. ಯುಗಾದಿಯ ನಂತರ ಬಿಡುವಾದ ಒಂದು ಭಾನುವಾರ ಊರಿಗೆ ಹೋದಾಗ ಟಿಲ್ಲರಿನ ಮುಚ್ಚಳ ತೆಗೆದು ತೋಡಿನ ತಳವನ್ನೊಮ್ಮೆ ನೋಡಿ. ಹೊಳೆಯುತ್ತಿದ್ದರೆ ಬೆಲ್ಟಿನ ಅಂಗಡಿಗಿಂತ ಮೊದಲು ಟರ್ನರನ್ನು ಕಾಣಿ.