ಗ್ರಂಥಾಲಯಕ್ಕೊಂದು ಹೊರೆಕಾಣಿಕೆ

(ಶತಮಾನೋತ್ಸವದ ಅಂಗವಾಗಿ ಜರುಗಿದ ಪುಸ್ತಕ ಸಂಗ್ರಹ ಸಭೆಯಲ್ಲಿ ಧರ್ಮಗುರುಗಳು ಮಾಡಿದ ಭಾಷಣ)



ನಮ್ಮ ಇಗರ್ಜಿಯ ಶತಮಾನೋತ್ಸವಕ್ಕೆ ಊರಿನ ಸರ್ವಮತ ಬಾಂಧವರೂ ಹೊರೆಕಾಣಿಕೆ ತಂದಿತ್ತರು. ಅಕ್ಕಿ, ತೆಂಗಿನಕಾಯಿ, ಬಾಳೆಗೊನೆ, ಸೌತೆ, ಕುಂಬಳ, ಬೆಲ್ಲ. ದೇವಸ್ಥಾನದ ಕಡೆಯಿಂದ ಬಂದುದೆಷ್ಟು, ಮಸೀದಿಯ ಕಡೆಯಿಂದ ಬಂದುದೆಷ್ಟು ಎಂದು ನಾವು ಬೇರೆ ಬೇರೆ ಲೆಕ್ಕವಿರಿಸಲಿಲ್ಲ. ಉಗ್ರಾಣದೊಳಗೆ ಎಲ್ಲವೂ ಒಂದೇ ರಾಶಿಯಾಯಿತು. ಈ ಋಣವನ್ನು ತೀರಿಸುವ ಬಗೆಯೆಂತು ಎಂದು ಪಾಲನಾ ಮಂಡಳಿಯಲ್ಲಿ ವಿಚಾರ ಬಂದಾಗ, ಉತ್ಸವದ ಉಳಿಕೆ ಹಣದಿಂದ ಊರಿನ ಪಂಚಾಯತಿ ಗ್ರಂಥಾಲಯಕ್ಕೆ ನೆರವಾಗೋಣವೆಂದು ಯುವಕರು ಸೂಚಿಸಿದರು. ಈ ಸಭೆ ಆ ಸೂಚನೆಯ ಫಲ.

ಸೂಚನೆಗೆ ಎರಡು ಆಕ್ಷೇಪಗಳು ಬಂದವು. ಹಿರಿಯರ ಆಕ್ಷೇಪವಾದುದರಿಂದ ಅವಕ್ಕೆ ಉತ್ತರವೀಯುವುದು ನಮ್ಮ ಕರ್ತವ್ಯ. ಇಗರ್ಜಿಯ ಆವರಣದಲ್ಲಿಯೇ ವಾಚನಾಲಯವನ್ನೇಕೆ ತೆರೆಯಬಾರದು ಎಂಬುದು ಒಂದು. ಹಿಂದೆ ಇಲ್ಲಿ ವಾಚನಾಲಯವಿತ್ತು. ಅದರ ಕಪಾಟು ಇಂದಿಗೂ ನಮ್ಮ ನಿವಾಸದ ಜಗುಲಿಯಲ್ಲಿದೆ. ಅಲ್ಲಿಗೆ ನಮ್ಮವರೇ ಬರುತ್ತಿದ್ದರು, ಅವರೂ ಭಾನುವಾರ ಮಾತ್ರ. ಬೀಗ ಹಾಕಿದ ಕಪಾಟಿನೊಳಗೆ ಗೆದ್ದಲೊಂದೇ ಮತಭೇದವಿಲ್ಲದೆ ಓದಿತು. ಇಷ್ಟು ಸಾಕು.

ಎರಡನೆಯ ಆಕ್ಷೇಪ ಘನವಾದುದು. ಗ್ರಂಥಾಲಯ ಸರಕಾರದ್ದು, ಅದಕ್ಕಾಗಿ ನಾವು ತೆರಿಗೆ ತೆತ್ತಿದ್ದೇವೆ, ಮತ್ತೆ ದಾನವೇಕೆ? ಈ ಪ್ರಶ್ನೆ ಕೇಳಿದವರು ಅರಿತೋ ಅರಿಯದೆಯೋ ಒಂದು ದೊಡ್ಡ ಸತ್ಯವನ್ನು ನುಡಿದಿದ್ದಾರೆ. ತಮ್ಮ ಮನೆತೆರಿಗೆಯ ರಶೀದಿಯನ್ನು ತೆರೆದು ನೋಡಿರಿ. ತೆರಿಗೆಯ ಕೆಳಗೆ ಆರೋಗ್ಯ ಕರ, ಶಿಕ್ಷಣ ಕರ, ಗ್ರಂಥಾಲಯ ಕರ, ಭಿಕ್ಷುಕರ ಕರ ಎಂಬ ಸಾಲುಗಳಿವೆ. ಗ್ರಂಥಾಲಯವೂ ಭಿಕ್ಷುಕರೂ ಹೀಗೆ ನೆರೆಹೊರೆಯಾಗಿರುವುದು ಆಕಸ್ಮಿಕವಾದರೂ, ನಮ್ಮ ಎಷ್ಟೋ ಗ್ರಂಥಾಲಯಗಳ ಅವಸ್ಥೆಯನ್ನು ಕಂಡವರಿಗೆ ನಗುವೂ ಬರುತ್ತದೆ, ಸಂಕಟವೂ ಆಗುತ್ತದೆ. ಮನೆತೆರಿಗೆಯ ಪ್ರತಿ 100 ರೂಪಾಯಿಗೆ 6 ರೂಪಾಯಿ ಗ್ರಂಥಾಲಯದ ಪಾಲು. 1,500 ಮನೆಗಳಿರುವ ಊರಿನಲ್ಲಿ ಮನೆಯೊಂದಕ್ಕೆ 400 ರೂಪಾಯಿ ತೆರಿಗೆಯೆಂದು ಹಿಡಿದರೂ ವರ್ಷಕ್ಕೆ 36,000 ರೂಪಾಯಿ. ಅದು ಪೂರ್ತಿಯಾಗಿ ಪುಸ್ತಕಗಳ ರೂಪದಲ್ಲಿ ಊರಿಗೆ ಮರಳಿದರೆ, ನಾವು ಈ ಸಭೆಯನ್ನು ಕರೆಯಬೇಕಾಗಿರಲಿಲ್ಲ.

ಈ ಕರದ ಹಿಂದೆ ಒಬ್ಬ ಮಹನೀಯರ ತಪಸ್ಸಿದೆ. ಗಣಿತದ ಅಧ್ಯಾಪಕರಾಗಿದ್ದ ಎಸ್. ಆರ್. ರಂಗನಾಥನ್ ಅವರು 1924ರಲ್ಲಿ ಮದ್ರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲಕರಾದರು. ದಾನಿಗಳ ಔದಾರ್ಯವನ್ನೇ ನೆಚ್ಚಿಕೊಂಡ ಗ್ರಂಥಾಲಯ ಬಾಳಲಾರದು, ಅದಕ್ಕೆ ಕಾಯಿದೆಯ ಬೆಂಬಲವೂ ನಿಯತವಾದ ಕರದ ಆದಾಯವೂ ಬೇಕೆಂದು ಅವರು ಬಹುಕಾಲ ಹೋರಾಡಿದರು. 1948ರಲ್ಲಿ ಮದ್ರಾಸಿನಲ್ಲಿ ಸಾರ್ವಜನಿಕ ಗ್ರಂಥಾಲಯ ಕಾಯಿದೆ ಅಂಗೀಕೃತವಾಯಿತು; ಸ್ವತಂತ್ರ ಭಾರತದಲ್ಲಿ ಅದೇ ಮೊದಲನೆಯದು. 1956ರವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆ ಮದ್ರಾಸಿಗೆ ಸೇರಿದ್ದುದರಿಂದ ಆ ಕಾಯಿದೆ ನಮ್ಮ ಹಿರಿಯರಿಗೂ ಅನ್ವಯಿಸಿತು. ಮೈಸೂರು ರಾಜ್ಯದಲ್ಲಿ ಇಂಥ ಕಾಯಿದೆ ಆದುದು 1965ರಲ್ಲಿ. ಅದೇ ಇಂದಿನ ಕರ್ನಾಟಕದ ಕಾಯಿದೆ. ರಂಗನಾಥನ್ ಅವರು ತಮ್ಮ ಉಳಿತಾಯದ ಒಂದು ಲಕ್ಷ ರೂಪಾಯಿಯನ್ನು ಗ್ರಂಥಾಲಯ ವಿಜ್ಞಾನದ ಪೀಠಕ್ಕಾಗಿ ಅದೇ ವಿಶ್ವವಿದ್ಯಾನಿಲಯಕ್ಕೆ ಧಾರೆಯೆರೆದು, ಕೊನೆಯ ದಿನಗಳನ್ನು ಬೆಂಗಳೂರಿನಲ್ಲಿ ಕಳೆದು, 1972ರಲ್ಲಿ ದಿವಂಗತರಾದರು. ಕರ ಬೇಕೆಂದು ವಾದಿಸಿದವರೇ ತಮ್ಮ ಗಂಟನ್ನೂ ಬಿಚ್ಚಿದರೆಂಬುದನ್ನು ಆಕ್ಷೇಪವೆತ್ತಿದ ಹಿರಿಯರು ದಯವಿಟ್ಟು ಗಮನಿಸಬೇಕು.

ದಾನ ಮತ್ತು ಕರ ಒಂದಕ್ಕೊಂದು ವಿರೋಧಿಗಳಲ್ಲ. ಅಮೆರಿಕೆಯ ಉಕ್ಕಿನ ಉದ್ಯಮಿ ಆಂಡ್ರೂ ಕಾರ್ನೆಗಿ 2,500ಕ್ಕೂ ಮಿಕ್ಕಿ ಗ್ರಂಥಾಲಯಗಳಿಗೆ ಧನ ನೀಡಿದವರು. ಆದರೆ ಅವರದೊಂದು ಕರಾರಿತ್ತು. ನಿವೇಶನವನ್ನು ಊರೇ ಕೊಡಬೇಕು. ಕೊಟ್ಟ ಹಣದ ಹತ್ತನೆಯ ಒಂದು ಪಾಲನ್ನು ಪ್ರತಿವರ್ಷವೂ ಊರಿನ ಆಡಳಿತವೇ ಗ್ರಂಥಾಲಯಕ್ಕೆ ವೆಚ್ಚ ಮಾಡಬೇಕು. ಅವರ ಸಂಪತ್ತಿನ ಮೂಲದ ಕುರಿತು ಆಕ್ಷೇಪಿಸುವವರಿದ್ದಾರೆ, ಅದು ಬೇರೆ ವಿಚಾರ. ಕರಾರು ಮಾತ್ರ ವಿವೇಕದ್ದು. ಕಟ್ಟಡಕ್ಕೆ ಒಮ್ಮೆ ಹಣ ಬಂದೀತು. ಹತ್ತನೆಯ ವರ್ಷದ ಪತ್ರಿಕೆಯ ಬಿಲ್ಲಿಗೆ, ಸೋರುವ ಹಂಚಿಗೆ, ವಿದ್ಯುತ್ತಿಗೆ ಯಾರು ಬರುತ್ತಾರೆ?

2021ರ ಏಪ್ರಿಲ್ ತಿಂಗಳಲ್ಲಿ ಮೈಸೂರಿನ ರಾಜೀವನಗರದಲ್ಲಿ ಒಬ್ಬ ಕೂಲಿಕಾರ್ಮಿಕರು ತಮ್ಮ ದುಡಿಮೆಯಿಂದ ನಡೆಸುತ್ತಿದ್ದ ಸಾರ್ವಜನಿಕ ಗ್ರಂಥಾಲಯ ಬೆಂಕಿಗೆ ಆಹುತಿಯಾಯಿತು. ಸುಮಾರು 11,000 ಪುಸ್ತಕಗಳು ಸುಟ್ಟುಹೋದವು. ಕೆಲವೇ ದಿನಗಳಲ್ಲಿ ನಾಡಿನ ಒಳಗಿನಿಂದಲೂ ಹೊರಗಿನಿಂದಲೂ ಲಕ್ಷಾಂತರ ರೂಪಾಯಿ ನೆರವು ಹರಿದುಬಂದಿತು. ಜನರ ಹೃದಯ ಬತ್ತಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಆದರೆ ಬೆಂಕಿಯಲ್ಲಿ ಬೆಂದ ಗ್ರಂಥಾಲಯಕ್ಕೆ ಒದಗುವ ಕಣ್ಣೀರು ಧೂಳಿನಲ್ಲಿ ಸಾಯುವ ಗ್ರಂಥಾಲಯಕ್ಕೆ ಒದಗುವುದಿಲ್ಲ. ನಮ್ಮೂರಿನದು ಎರಡನೆಯ ಬಗೆಯದು. ಪತ್ರಿಕೆ ಓದಲು ಐದಾರು ಹಿರಿಯರು ಬರುತ್ತಾರೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗಿಯರು ಒಂದೇ ಮೇಜಿನ ಸುತ್ತ ಸರದಿಯಲ್ಲಿ ಕುಳಿತುಕೊಳ್ಳುತ್ತಾರೆ. ಮಳೆಗಾಲದಲ್ಲಿ ಮೂರನೆಯ ಕಪಾಟಿನ ಮೇಲೆ ಟಾರ್ಪಾಲು ಹೊದಿಸಬೇಕು. 2019ರಲ್ಲಿ ಗ್ರಾಮ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವರ್ಗವಾದವು. ಅನಂತರ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ದೊರೆಯಿತು. ಮಕ್ಕಳೇನೋ ಬಂದರು. ಅವರ ಕೈಗೆ ಕೊಡಬಲ್ಲ ಪುಸ್ತಕಗಳು ಒಂದು ಬೆಂಚಿನ ಮೇಲೆ ಮುಗಿಯುವಷ್ಟು.

ಇನ್ನು ಹಣದ ವಿಷಯ. ಹೊಸ ಬೆಳೆಯ ಪ್ರಥಮ ಫಲವನ್ನು ಪೂಜೆಯ ಬಳಿಕ ಏಲಂ ಹಾಕುವ ಪದ್ಧತಿ ನಮ್ಮಲ್ಲಿ ತಲೆಮಾರುಗಳಿಂದ ಇದೆ. ಪೇಟೆಯಲ್ಲಿ ಕೇಳುವವರಿಲ್ಲದ ಹಲಸಿನ ಹಣ್ಣು ಇಗರ್ಜಿಯ ಅಂಗಳದಲ್ಲಿ ಹತ್ತು ಪಟ್ಟು ಬೆಲೆಗೆ ಏರುವುದನ್ನು ಎಲ್ಲರೂ ಕಂಡಿದ್ದೀರಿ. ವರ್ಷಕ್ಕೆ ಎರಡು ಭಾನುವಾರಗಳ ಏಲಂ ಹಣವನ್ನು ಗ್ರಂಥಾಲಯಕ್ಕೆ ಮೀಸಲಿಡಲು ಪಾಲನಾ ಮಂಡಳಿ ಒಪ್ಪಿದೆ. ಉತ್ಸವದ ಉಳಿಕೆಯನ್ನು ಖರ್ಚು ಮಾಡದೆ ಬ್ಯಾಂಕಿನಲ್ಲಿ ಠೇವಣಿಯಿರಿಸಿ, ಬಡ್ಡಿಯಿಂದ ಮಕ್ಕಳ ಪುಸ್ತಕಗಳನ್ನೂ ನಿಯತಕಾಲಿಕೆಗಳನ್ನೂ ಕೊಳ್ಳಬಹುದು. ದಾನಿಗಳ ಹೆಸರಿನ ಅಮೃತಶಿಲೆಯ ಫಲಕ ಬೇಕೆಂದು ಕೆಲವರ ಆಸೆ. ಫಲಕದ ವೆಚ್ಚದಲ್ಲಿ ಎರಡು ಕಪಾಟುಗಳು ಬರುತ್ತವೆಂದು ಬಡಗಿ ಹೇಳಿದ್ದಾರೆ; ನಮ್ಮ ಒಲವು ಕಪಾಟಿನ ಕಡೆಗೆ.

ಅದರೊಂದಿಗೆ ಮುಂದಿನ ಗ್ರಾಮಸಭೆಗೆ ನಾವೆಲ್ಲರೂ ಹೋಗಬೇಕು. ಗ್ರಂಥಾಲಯ ಕರವೆಂದು ಊರಿನಿಂದ ಸಂಗ್ರಹವಾದುದೆಷ್ಟು, ಗ್ರಂಥಾಲಯಕ್ಕೆ ಸಂದುದೆಷ್ಟು ಎಂದು ವಿನಯದಿಂದ, ಆದರೆ ಪ್ರತಿವರ್ಷವೂ ಕೇಳಬೇಕು. ಪಂಚಾಯತಿಯ ಸದಸ್ಯರು ಈ ವೇದಿಕೆಯಲ್ಲೇ ಇರುವುದರಿಂದ ಅವರ ಬೆನ್ನ ಹಿಂದೆ ಆಡಿದಂತಾಗಲಿಲ್ಲ. ನಮ್ಮ ಕಾಣಿಕೆ ಬಂದಿತೆಂದು ಪಂಚಾಯತಿ ತನ್ನ ಪಾಲನ್ನು ಕಡಿಮೆ ಮಾಡಿದರೆ, ನಾವು ನೆರವಾದುದು ಗ್ರಂಥಾಲಯಕ್ಕಲ್ಲ.

ಪುಸ್ತಕ ಕೊಡುವವರಲ್ಲಿ ಒಂದು ವಿನಂತಿ. ಹೊರೆಕಾಣಿಕೆಗೆ ಕೊಳೆತ ತೆಂಗಿನಕಾಯಿಯನ್ನು ಯಾರೂ ಕಳುಹಿಸುವುದಿಲ್ಲ. ಹಳೆಯ ಗೈಡುಗಳು, ರದ್ದಾದ ಪಠ್ಯಪುಸ್ತಕಗಳು, ಹೋದ ವರ್ಷದ ಡೈರಿಗಳು ಗುಜರಿಯವರಿಗೆ ಸಲ್ಲಲಿ. ಕಥೆ, ಕಾದಂಬರಿ, ಶಬ್ದಕೋಶ, ವಿಜ್ಞಾನ, ಕೃಷಿ, ಮಕ್ಕಳ ಚಿತ್ರಪುಸ್ತಕ ಬರಲಿ. ಕನ್ನಡದೊಂದಿಗೆ ಕೊಂಕಣಿ, ತುಳು ಪುಸ್ತಕಗಳೂ ಇರಲಿ. ನಮ್ಮ ಪ್ರಾರ್ಥನಾ ಪುಸ್ತಕಗಳು ನಮ್ಮ ಮನೆಯಲ್ಲೇ ಇರಲಿ. ಅಲ್ಲಿ ಅವಕ್ಕೆ ಬೇಕಾದಷ್ಟು ಕೆಲಸವಿದೆ. ಒಮ್ಮೆ ಕೊಟ್ಟ ಮೇಲೆ ಅದು ಊರಿನ ಸೊತ್ತು. ತಮ್ಮ ಪುಸ್ತಕ ಮುಂದಿನ ಸಾಲಿನಲ್ಲಿದೆಯೋ ಇಲ್ಲವೋ ಎಂದು ವಿಚಾರಿಸಲು ಹೋಗುವವರು ಅದನ್ನು ಎರವಲು ಪಡೆದು ಓದಿಯೇ ಬರಲಿ.

ಶನಿವಾರ ಸಂಜೆಯವರೆಗೆ ಪುಸ್ತಕಗಳನ್ನು ಇಗರ್ಜಿಯ ಸಭಾಂಗಣದಲ್ಲಿ ಸ್ವೀಕರಿಸಲಾಗುವುದು. ಭಾನುವಾರ ಎರಡನೆಯ ಪೂಜೆಯ ಬಳಿಕ ಮೆರವಣಿಗೆ ಹೊರಡುತ್ತದೆ. ದೇವಸ್ಥಾನದವರು ಚೆಂಡೆಯನ್ನು ಕಳುಹಿಸುವುದಾಗಿ ಹೇಳಿದ್ದಾರೆ. ಮಸೀದಿಯ ಯುವಕರು ವಾಹನ ತರುತ್ತಾರೆ. ಮಳೆ ಬಂದರೆ ಹೊದಿಸಲು ಟಾರ್ಪಾಲಿದ್ದವರು ಜೊತೆಗೆ ತನ್ನಿರಿ. ಗ್ರಂಥಾಲಯದಲ್ಲಿರುವುದು ಒಂದೇ, ಅದೂ ಮೂರನೆಯ ಕಪಾಟಿಗೆ ಬೇಕು.