ಒಡೆಯನ ಲೆಕ್ಕದಲ್ಲಿ ತಾತನ ಹೆಸರು
(ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತು)



ತಾತನ ತಾತನ ಹೆಸರೇನು ಅಂತ ಕೇಳಿದರೆ ನಮ್ಮಲ್ಲಿ ಎಷ್ಟು ಜನ ಹೇಳುತ್ತೇವೆ? ಅಮೆರಿಕದ ಕಪ್ಪು ಜನರದೂ ಇದೇ ಪಾಡು. 1946ರಲ್ಲಿ ಬಾಬಾಸಾಹೇಬರು ಅವರ ಚಿಂತಕ ಡುಬಾಯ್ಸ್‌ಗೆ ಪತ್ರ ಬರೆದು, ಕಪ್ಪು ಜನ ವಿಶ್ವಸಂಸ್ಥೆಗೆ ಸಲ್ಲಿಸಿದ ಅರ್ಜಿಯ ಪ್ರತಿ ಕೇಳಿದ್ದರು. ಆ ಜನರಿಂದ ನಾವು ಇನ್ನೊಂದು ಪಾಠ ಕಲಿಯಬೇಕಾಗಿದೆ.

1850 ಮತ್ತು 1860ರ ಜನಗಣತಿಯಲ್ಲಿ ಗುಲಾಮರಿಗೆ ಬೇರೆಯೇ ಪಟ್ಟಿ. ಅಲ್ಲಿ ಒಡೆಯನಿಗೆ ಹೆಸರುಂಟು. ಗುಲಾಮರಿಗೆ ಬಹುಪಾಲು ವಯಸ್ಸು, ಲಿಂಗ, ಬಣ್ಣ ಅಷ್ಟೆ. 1865ರಲ್ಲಿ ಗುಲಾಮಗಿರಿ ರದ್ದಾಯಿತು. ಬಿಡುಗಡೆಯಾದವರ ಹೆಸರು ಜನಗಣತಿಗೆ ಬಂದದ್ದು 1870ರಲ್ಲಿ. ಅದಕ್ಕೂ ಹಿಂದಕ್ಕೆ ಹೋಗಬೇಕಾದರೆ ಒಡೆಯನ ಕಾಗದವನ್ನೇ ಹುಡುಕಬೇಕು. ಅವು ಇರುವುದು ಕೌಂಟಿ ಕೋರ್ಟಿನಲ್ಲಿ. ಕೌಂಟಿ ಅಂದರೆ ನಮ್ಮ ಜಿಲ್ಲೆ-ತಾಲ್ಲೂಕಿನ ಹಾಗೆ.

ಒಡೆಯ ಸತ್ತಾಗ ಕೋರ್ಟು ಅವನ ಆಸ್ತಿಯ ಪಟ್ಟಿ ಮಾಡಿಸುತ್ತಿತ್ತು. ಕುದುರೆ, ಹಸು, ನೇಗಿಲು, ಮಂಚ. ಅದರ ನಡುವೆಯೇ ಒಬ್ಬ ತಾಯಿ, ಅವಳ ಕೂಸು, ಅವರ ಬೆಲೆ! ಉಯಿಲಿನಲ್ಲಿ ತಾಯಿ ಒಡೆಯನ ಮಗನ ಪಾಲಿಗೆ, ಕೂಸು ಮಗಳ ಪಾಲಿಗೆ ಹೋದದ್ದೂ ಉಂಟು. ಓದಿದರೆ ಹೊಟ್ಟೆ ಉರಿಯುತ್ತದೆ. ಆದರೆ ಮೊಮ್ಮಕ್ಕಳಿಗೆ ಹೆಸರು ಸಿಗುವುದೂ ಅಲ್ಲೇ. ಒಡೆಯ ತನ್ನ ಆಸ್ತಿ ಅಂತ ಬರೆಸಿಕೊಂಡ ಲೆಕ್ಕವೇ ಈಗ ಅವನ ಮೇಲೆ ಸಾಕ್ಷಿ ಹೇಳುತ್ತಿದೆ.

ವಂಶದ ಜತೆಗೆ ಭೂಮಿಯ ಪ್ರಶ್ನೆಯೂ ಇದೆ. ಬಿಡುಗಡೆಯಾದವರು ಕಾಸಿಗೆ ಕಾಸು ಕೂಡಿಸಿ ಭೂಮಿ ಕೊಂಡರು. ಉಯಿಲು ಬರೆಯದೆ ಸತ್ತರೆ ಅದು ಎಲ್ಲ ವಾರಸುದಾರರಿಗೆ ಜಂಟಿ. ಅವರಲ್ಲಿ ಒಬ್ಬನ ಪಾಲು ಕೊಂಡ ಹೊರಗಿನವನು ವಿಭಾಗದ ದಾವೆ ಹೂಡಿ, ಇಡೀ ಭೂಮಿಯನ್ನೇ ಹರಾಜಿಗೆ ತರುತ್ತಿದ್ದ. ಕಾಗದ ಸರಿಯಿಲ್ಲದವರ ಭೂಮಿ ಎಷ್ಟೋ ಹೀಗೆ ಕೈಬಿಟ್ಟಿತು.

ನಮ್ಮೂರುಗಳಲ್ಲಿ ಏನಾಗಿದೆ? ಸರ್ಕಾರ ನಮ್ಮ ತಾತಂದಿರಿಗೆ ಮಂಜೂರು ಮಾಡಿದ ಎಷ್ಟೋ ಭೂಮಿ ಹೆಬ್ಬೆಟ್ಟು ಒತ್ತಿಸಿಕೊಂಡವರ ಪಾಲಾಗಿದೆ. ಷರತ್ತು ಮುರಿದ ಅಂಥ ಪರಭಾರೆ ರದ್ದುಮಾಡಿ ಭೂಮಿ ವಾಪಸು ಕೊಡಿಸಲು ಕರ್ನಾಟಕದಲ್ಲಿ 1978ರ ಕಾಯ್ದೆ ಇದೆ. ಅರ್ಜಿಗೆ ಕಾಲಮಿತಿ ಇಲ್ಲವೆಂದು 2023ರ ತಿದ್ದುಪಡಿ ಹೇಳುತ್ತದೆ. ಆದರೆ ಮಂಜೂರಾತಿ ಆದೇಶ, ಸಾಗುವಳಿ ಚೀಟಿ, ಹಳೇ ಪಹಣಿ ಕೈಲಿಲ್ಲದೆ ಏನಂತ ಕೇಳೋದು?

ರಜೆಗೆ ಊರಿಗೆ ಹೋದಾಗ ಮೊದಲು ಅಜ್ಜಿಯ ಮುಂದೆ ಕೂರೋಣ. ಹೊಲಕ್ಕೆ ಏನಂತಿದ್ದರು, ಪಕ್ಕದ ಹೊಲ ಯಾರದು, ಯಾವಾಗ ಯಾರ ಕೈಗೆ ಹೋಯಿತು ಎಲ್ಲ ಕೇಳಿ ಬರೆದುಕೊಳ್ಳೋಣ. ಆಮೇಲೆ ಸರ್ವೆ ನಂಬರು ಹಿಡಿದು ತಾಲ್ಲೂಕು ಕಚೇರಿಯಲ್ಲಿ ನಕಲಿಗೆ ಅರ್ಜಿ ಹಾಕೋಣ. ಇಲ್ಲ ಅಂದರೆ ಹಾಗಂತ ಬರೆದುಕೊಡಿ ಅನ್ನೋಣ.

ತಾತ ಓದಲಾರದೆ ಹೆಬ್ಬೆಟ್ಟು ಒತ್ತಿದ ಕಾಗದವನ್ನು ನಾವು ಓದಬಲ್ಲೆವು. ಓದೋಣ.

ಜೈ ಭೀಮ್.