ಭಾಷೆಗಳು ಹಲವು, ಪವಿತ್ರಾತ್ಮರು ಒಬ್ಬರೇ

(ಪಂಚಾಶತ್ತಮ ಹಬ್ಬದ ಪ್ರಬೋಧನೆ)



ಪಾಸ್ಖ ಹಬ್ಬದ ಐವತ್ತನೆಯ ದಿನ ಧರ್ಮಸಭೆ ಪಂಚಾಶತ್ತಮ ಹಬ್ಬವನ್ನು ಕೊಂಡಾಡುತ್ತದೆ. ಅಂದು ಪವಿತ್ರಾತ್ಮರು ಪ್ರೇಷಿತರ ಮೇಲೆ ಇಳಿದು ಬಂದರು. ಬಾಗಿಲು ಹಾಕಿಕೊಂಡು ಕುಳಿತಿದ್ದವರು ಬೀದಿಗೆ ಬಂದು ಮಾತನಾಡಿದರು. ನಮ್ಮ ದೇವನಹಳ್ಳಿಯ ಕಡೆ ಇದು ಶಾಲೆಗಳು ಬಾಗಿಲು ತೆರೆಯುವ ಕಾಲವೂ ಹೌದು. ಮಕ್ಕಳ ಕೈಗೆ ಹೊಸ ಪುಸ್ತಕ ಬರುತ್ತದೆ. ಬೆಂಚಿನಲ್ಲಿ ಪಕ್ಕಕ್ಕೆ ಹೊಸ ಮುಖವೊಂದು ಬಂದು ಕೂರುತ್ತದೆ. ಆ ಹೊಸ ಮುಖದೊಂದಿಗೆ ನಮ್ಮ ಮಗು ಹೇಗೆ ಮಾತನಾಡುತ್ತದೆ, ಯಾವ ಮನಸ್ಸಿನಿಂದ ಮಾತನಾಡುತ್ತದೆ? ಇದನ್ನೇ ಈ ಹಬ್ಬದಲ್ಲಿ ಧ್ಯಾನಿಸೋಣ.

ಈ ಹಬ್ಬದ ಜಾಗರಣೆಯ ಬಲಿಪೂಜೆಗೆ ಧರ್ಮಸಭೆ ಕೊಟ್ಟಿರುವ ವಾಚನಗಳಲ್ಲಿ ಬಾಬೆಲ್ ಗೋಪುರದ ಕಥೆಯೂ ಒಂದು. ಆದಿಕಾಂಡದ 11ನೇ ಅಧ್ಯಾಯದಲ್ಲಿದೆ. ಲೋಕಕ್ಕೆಲ್ಲ ಒಂದೇ ಭಾಷೆ ಇತ್ತು. ಜನ ಶಿನಾರಿನ ಬಯಲಿನಲ್ಲಿ ಇಟ್ಟಿಗೆ ಸುಟ್ಟು, ಆಕಾಶ ಮುಟ್ಟುವ ಗೋಪುರ ಕಟ್ಟಿ, ಹೆಸರು ಗಳಿಸಲು ಹೊರಟರು. ದೇವರು ಅವರ ಭಾಷೆಯನ್ನು ಗಲಿಬಿಲಿ ಮಾಡಿ ಅವರನ್ನು ಚದುರಿಸಿದರು. ಧರ್ಮೋಪದೇಶ ತರಗತಿಯಲ್ಲಿ ಈ ಕಥೆ ಹೇಳಿದಾಗ ಮಕ್ಕಳು ನಮ್ಮನ್ನು ಕೇಳುವ ಪ್ರಶ್ನೆ ಒಂದಿದೆ: "ಫಾದರ್, ದೇವರು ಸಿಟ್ಟಾಗಿ ಭಾಷೆಗಳನ್ನು ಬೇರೆ ಮಾಡಿದ್ದಾದರೆ, ನಮ್ಮ ಕನ್ನಡವೂ ಶಿಕ್ಷೆಯಾ?"

ಪ್ರಶ್ನೆ ಚಿಕ್ಕದು, ಆದರೆ ಉತ್ತರ ತಪ್ಪಿದರೆ ಮಗು ಜೀವನವಿಡೀ ತಪ್ಪು ಕಲಿಯುತ್ತದೆ. ಬೇರೆ ಭಾಷೆ ಅಂದರೆ ಶಾಪ, ಬೇರೆ ಜನ ಅಂದರೆ ತೊಂದರೆ ಎಂದುಕೊಂಡು ಬೆಳೆಯುತ್ತದೆ.

ಆಶೀರ್ವಾದವೇ ಮೊದಲು

ಬೈಬಲನ್ನು ತೆರೆದು ಒಂದು ಪುಟ ಹಿಂದಕ್ಕೆ ತಿರುವಿ ನೋಡಿ. 11ನೇ ಅಧ್ಯಾಯಕ್ಕಿಂತ ಮೊದಲು 10ನೇ ಅಧ್ಯಾಯವಿದೆ. ಅಲ್ಲಿ ನೋವನ ಮೂವರು ಮಕ್ಕಳಾದ ಶೇಮ್, ಹಾಮ್, ಯೆಫೆತರಿಂದ ಹರಡಿದ ಜನಾಂಗಗಳ ಪಟ್ಟಿ ಇದೆ. ಅವರವರ ನಾಡು, ಅವರವರ ಕುಲ, ಅವರವರ ಭಾಷೆ ಎಂದೇ ಅಲ್ಲಿ ಹೇಳಿದೆ. ಅಂದರೆ ಬಾಬೆಲಿನ ಕಥೆಗೆ ಮೊದಲೇ ಜನಾಂಗಗಳೂ ಭಾಷೆಗಳೂ ಬಂದಿವೆ! ಅದಕ್ಕೂ ಹಿಂದೆ, 9ನೇ ಅಧ್ಯಾಯದ ಆರಂಭದಲ್ಲಿ, ಭೂಮಿಯನ್ನು ತುಂಬಿಕೊಳ್ಳಿರೆಂದು ದೇವರು ನೋವನ ಕುಟುಂಬವನ್ನು ಹರಸಿದ್ದಾರೆ. ಹರಡುವುದು, ಬೇರೆ ಬೇರೆಯಾಗಿ ಬೆಳೆಯುವುದು ಮೊದಲು ಆಶೀರ್ವಾದವಾಗಿಯೇ ಬಂತು. ಬಾಬೆಲಿನವರು ಆ ಆಶೀರ್ವಾದ ಬೇಡವೆಂದು, ಚದುರಿ ಹೋಗುವ ಭಯದಿಂದ, ಒಂದೇ ಕಡೆ ಒಂದೇ ಗೋಪುರದ ಕೆಳಗೆ ಕೂಡಿಕೊಂಡರು. ದೇವರು ಅವರನ್ನು ಚದುರಿಸಿದ್ದು ಆ ಮೊದಲ ಆಶೀರ್ವಾದಕ್ಕೆ ಮರಳಿ ಕಳುಹಿಸಿದಂತೆ.

ಈ ಅಧ್ಯಾಯಗಳನ್ನು ಚರಿತ್ರೆಯ ಪಠ್ಯಪುಸ್ತಕದಂತೆ ಓದಬಾರದು. ಆಯಾ ಬರಹದ ರೀತಿಯನ್ನು ಗಮನಿಸಿ ಬೈಬಲನ್ನು ಓದಬೇಕೆಂದು ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲೇ ತಿಳಿಸಿದೆ. ಶಾಲೆಯಲ್ಲಿ ವಿಜ್ಞಾನದ ಮೇಷ್ಟರು, ಮನುಷ್ಯ ಜಾತಿ ಆಫ್ರಿಕಾ ಖಂಡದಿಂದ ಹೊರಟು ಸಾವಿರಾರು ವರ್ಷಗಳಲ್ಲಿ ಭೂಮಿಯೆಲ್ಲ ಹರಡಿತು ಎಂದು ಕಲಿಸಿದರೆ ಮಕ್ಕಳು ಗಾಬರಿಯಾಗಬೇಕಿಲ್ಲ. ನಾವೆಲ್ಲರೂ ಒಂದೇ ಮನೆಯವರು ಎಂಬ ಸತ್ಯವನ್ನು ಎರಡೂ ಪಾಠಗಳು ಹೇಳುತ್ತವೆ. ಸಂತ ಪೌಲರು ಅಥೆನ್ಸ್ ಪಟ್ಟಣದಲ್ಲಿ ಸಾರಿದ್ದೂ ಅದನ್ನೇ.

ಆದರೆ ಇದೇ ಪುಟಗಳನ್ನು ಕೆಟ್ಟದ್ದಕ್ಕೆ ಬಳಸಿದವರೂ ಇದ್ದರು. ಆಫ್ರಿಕಾದ ಜನ ಹಾಮನ ಸಂತತಿ, ಅವರಿಗೆ ಶಾಪವಿದೆ, ಆದ್ದರಿಂದ ಅವರು ಗುಲಾಮರಾಗಿರಬೇಕು ಎಂದು ಗುಲಾಮರ ವ್ಯಾಪಾರಿಗಳು ವಾದಿಸಿದರು. ಬೈಬಲಿನಲ್ಲಿ ನೋವನು ಶಪಿಸಿದ್ದು ಹಾಮನನ್ನಲ್ಲ, ಅವನ ಮಗ ಕಾನಾನನನ್ನು. ಅಲ್ಲಿ ಮೈಬಣ್ಣದ ಮಾತೇ ಇಲ್ಲ. ಯಾವುದೋ ಜನ ಹುಟ್ಟಿನಿಂದಲೇ ಕೀಳು ಎಂದು ಹೇಳುವ ಕಥೆಯನ್ನು ಯಾರು ಹೇಳಿದರೂ ಮಕ್ಕಳೇ, ಅದು ದೇವರ ಕಥೆಯಲ್ಲ. ಮದುವೆಯ ಮಾತುಕತೆಯಲ್ಲಿ ದೀಕ್ಷಾಸ್ನಾನದ ಪತ್ರಕ್ಕಿಂತ ಮೊದಲು ಕುಲ ವಿಚಾರಿಸುವ ದೊಡ್ಡವರಿಗೂ ಈ ಮಾತು ಅನ್ವಯಿಸುತ್ತದೆ.

ಎಲ್ಲರೂ ಎಲ್ಲಿಂದಲೋ ಬಂದವರೇ

ನಮ್ಮ ಊರಿನ ಕಥೆಯನ್ನೇ ನೋಡೋಣ. ಇಲ್ಲಿಂದ ಚಿಕ್ಕಬಳ್ಳಾಪುರದ ರಸ್ತೆಯಲ್ಲಿ ಆವತಿ ಎಂಬ ಊರಿದೆ. ಸುಮಾರು ಆರು ನೂರು ವರ್ಷಗಳ ಹಿಂದೆ ಕಂಚಿಯ ಕಡೆಯಿಂದ ಬಂಡಿ ಕಟ್ಟಿಕೊಂಡು ಬಂದ ಮೊರಸು ಒಕ್ಕಲಿನ ಅಣ್ಣತಮ್ಮಂದಿರು ನಂದಿಬೆಟ್ಟದ ಸೀಮೆಯಲ್ಲಿ ತಂಗಿದರೆಂದು ಹೇಳುತ್ತಾರೆ. ರಣಭೈರೇಗೌಡ ಅವರ ಮುಖಂಡ. ಅವರ ಮನೆಯ ಹುಡುಗಿಯನ್ನು ಅಲ್ಲಿನ ಪಾಳೆಯಗಾರನೊಬ್ಬ ಬಲವಂತದಿಂದ ಕೇಳಿದ. ಮಾನಕ್ಕಾಗಿ ರಾತ್ರೋರಾತ್ರಿ ಊರು ಬಿಟ್ಟರು. ದಾರಿಯಲ್ಲಿ ತುಂಬಿದ ಹೊಳೆ ಅಡ್ಡ ಬಂತು. ಹುಡುಗಿ ತನ್ನ ಕಿವಿಯೋಲೆಯನ್ನು ನೀರಿಗೆ ಅರ್ಪಿಸಲು ಹೊಳೆ ದಾರಿ ಬಿಟ್ಟಿತು ಎಂದು ಕಥೆ. ಇದನ್ನು ಹೇಳಿದರೆ ನಮ್ಮ ಮಕ್ಕಳು ಕೂಡಲೇ "ಮೋಶೆ! ಕೆಂಪು ಸಮುದ್ರ!" ಎಂದು ಕೂಗುತ್ತಾರೆ. ಹೌದು, ದಬ್ಬಾಳಿಕೆಯಿಂದ ಓಡಿ ಬಂದ ಎಲ್ಲ ಜನರೂ ಇಂಥ ಒಂದು ನೆನಪನ್ನು ಎದೆಯಲ್ಲಿ ಇಟ್ಟುಕೊಂಡಿರುತ್ತಾರೆ.

ಆ ವಲಸೆ ಬಂದ ವಂಶದ ಮಲ್ಲಭೈರೇಗೌಡ 1501ರಲ್ಲಿ ದೇವನಹಳ್ಳಿಯ ಕೋಟೆ ಕಟ್ಟಿಸಿದ. ಮುಂದೆ ಹೈದರಾಲಿ ಅದನ್ನು ಕಲ್ಲಿನಿಂದ ಬಲಪಡಿಸಿದ. ಟಿಪ್ಪು ಹುಟ್ಟಿದ್ದು ಇದೇ ಊರಿನಲ್ಲಿ, 1750ರಲ್ಲಿ. ಬಂಡಿಯಲ್ಲಿ ಬಂದ ಆ ಅಣ್ಣತಮ್ಮಂದಿರ ಮತ್ತೊಂದು ಕವಲು ಯಲಹಂಕದಲ್ಲಿ ನೆಲೆಸಿತು. 1537ರಲ್ಲಿ ಬೆಂಗಳೂರನ್ನು ಕಟ್ಟಿದ ಕೆಂಪೇಗೌಡರು ಆ ಕವಲಿನವರು. 2008ರಲ್ಲಿ ನಮ್ಮ ತಾಲ್ಲೂಕಿನಲ್ಲಿ ಆರಂಭವಾದ ವಿಮಾನ ನಿಲ್ದಾಣಕ್ಕೆ 2013ರಿಂದ ಅವರದೇ ಹೆಸರಿದೆ. ಬಂಡಿಯಲ್ಲಿ ವಲಸೆ ಬಂದವರ ವಂಶಜನ ಹೆಸರನ್ನು ಓದಿಕೊಂಡೇ ಲೋಕದ ಜನ ಇಲ್ಲಿ ವಿಮಾನದಿಂದ ಇಳಿಯುತ್ತಾರೆ!

ನಮ್ಮ ಹೆಮ್ಮೆಯ ದೇವನಹಳ್ಳಿ ಚಕ್ಕೋತವನ್ನೂ ನೆನೆಯೋಣ. ಈ ಹಣ್ಣಿನ ತವರು ಆಗ್ನೇಯ ಏಷ್ಯಾ. ಎಲ್ಲಿಂದಲೋ ಬಂದ ಗಿಡ ನಮ್ಮ ಮಣ್ಣಿನ ರುಚಿ ಹೀರಿ, ನಮ್ಮ ಊರಿನ ಹೆಸರಿನಲ್ಲೇ ಭೌಗೋಳಿಕ ಗುರುತು ಪಡೆದಿದೆ. ಹಣ್ಣಿಗೆ ಕೊಟ್ಟ ಜಾಗವನ್ನು ಮನುಷ್ಯನಿಗೆ ಕೊಡಲು ನಾವು ಹಿಂದೆಮುಂದೆ ನೋಡಬೇಕೆ?

ಒಂದು ಅಕ್ಷರದ ಬೆಲೆ

ಮಕ್ಕಳೇ, ಈಗ ಒಂದು ಆಟ ಆಡೋಣ. ನಾವು 'ಹಳ್ಳಿ' ಎನ್ನುತ್ತೇವೆ, ತೆಲುಗಿನವರು 'ಪಲ್ಲೆ' ಎನ್ನುತ್ತಾರೆ. ನಮ್ಮ 'ಹಾಲು' ತೆಲುಗಿನಲ್ಲಿ 'ಪಾಲು', ತಮಿಳಿನಲ್ಲಿ 'ಪಾಲ್'. ನಮ್ಮ 'ಹುಲಿ' ಅವರಿಬ್ಬರಿಗೂ 'ಪುಲಿ'. ಹಳಗನ್ನಡದಲ್ಲಿ ನಾವೂ 'ಪಾಲ್' ಎಂದೇ ಹೇಳುತ್ತಿದ್ದೆವು. ಸುಮಾರು ಸಾವಿರ ವರ್ಷಗಳ ಹಿಂದೆ 'ಪ' ಮೆಲ್ಲನೆ 'ಹ' ಆಯಿತು. ಈ ಭಾಷೆಗಳು ಒಂದೇ ಮನೆತನದ್ದೆಂದು 1816ರಲ್ಲಿ ಎಲ್ಲಿಸ್ ಎಂಬ ವಿದ್ವಾಂಸರು ಮದರಾಸಿನಲ್ಲಿ ತೋರಿಸಿಕೊಟ್ಟರು. 1856ರಲ್ಲಿ ಕಾಲ್ಡ್‌ವೆಲ್ ಅವರು ದೊಡ್ಡ ವ್ಯಾಕರಣವನ್ನೇ ಬರೆದರು. ಇನ್ನು ನಮ್ಮ ರೈತ ಬರೆಯುವ 'ಅರ್ಜಿ', ಅವನು ಹೋಗುವ 'ಕಚೇರಿ' ಉರ್ದು–ಪಾರ್ಸಿಯ ದಾರಿಯಿಂದ ಬಂದವು. 'ಪಾದ್ರಿ', 'ಇಗರ್ಜಿ', 'ಚಾವಿ' ಪೋರ್ಚುಗೀಸರಿಂದ ಬಂದವು. ಬಲಿಪೂಜೆಯಲ್ಲಿ ನಾವು ಹೇಳುವ 'ಆಮೆನ್', 'ಅಲ್ಲೆಲೂಯ' ಹಿಬ್ರೂ ಮಾತುಗಳು. ಬೇರೆಯವರ ಭಾಷೆ ಬೇಡವೆಂದರೆ ನಮಗೆ ಅರ್ಜಿ ಕೊಡಲೂ ಆಗದು, ಪ್ರಾರ್ಥನೆ ಮುಗಿಸಲೂ ಆಗದು.

ಆದರೆ ಶಾಲೆಯ ಅಂಗಳದಲ್ಲಿ ಏನಾಗುತ್ತಿದೆ? ಹಳ್ಳಿಯ ಹುಡುಗ 'ಆಲು' ಎಂದರೆ, 'ಅಳ್ಳಿ' ಎಂದರೆ, 'ಹ' ಬರುವುದಿಲ್ಲವೆಂದು ನಗುತ್ತಾರೆ. ಪಳ್ಳಿ ಹಳ್ಳಿಯಾಯಿತು, ಹಳ್ಳಿ ಅಳ್ಳಿಯಾಯಿತು. ಅವನ ನಾಲಗೆ ಅದೇ ದಾರಿಯಲ್ಲಿ ಒಂದು ಹೆಜ್ಜೆ ಮುಂದೆ ಹೋಗಿದೆ, ಅಷ್ಟೇ. ಉತ್ತರ ಕರ್ನಾಟಕದ ಮಗುವಿನ ರಾಗವನ್ನು ಅಣಕಿಸುತ್ತಾರೆ. ಒಡಿಶಾದಿಂದಲೋ ಬಿಹಾರದಿಂದಲೋ ಬಂದು ಕಟ್ಟಡದ ಶೆಡ್ಡಿನಲ್ಲಿ ವಾಸಿಸುವ ಮಗುವಿಗೆ ಅಡ್ಡಹೆಸರು ಇಡುತ್ತಾರೆ. ಎರಡು ದಿನ ನಕ್ಕರೆ ಸಾಕು, ಮೂರನೆಯ ದಿನ ಆ ಮಗು ಬಾಯಿ ತೆರೆಯುವುದಿಲ್ಲ. ಲೆಕ್ಕ ಅರ್ಥವಾಗದಿದ್ದರೂ ಕೇಳುವುದಿಲ್ಲ, ಹೊಟ್ಟೆ ನೋಯುತ್ತಿದ್ದರೂ ಹೇಳುವುದಿಲ್ಲ. ಕೊನೆಗೆ ಶಾಲೆಯನ್ನೇ ಬಿಡುತ್ತದೆ.

ಇದು ತಮಾಷೆ ಎಂದು ತಳ್ಳಿಹಾಕಬೇಡಿ. ನ್ಯಾಯಸ್ಥಾಪಕರ ಗ್ರಂಥದ 12ನೇ ಅಧ್ಯಾಯವನ್ನು ಓದಿ. ಜೋರ್ಡನ್ ಹೊಳೆ ದಾಟಲು ಬಂದವರಿಗೆ ಗಿಲ್ಯಾದಿನವರು 'ಶಿಬ್ಬೋಲೆತ್' ಎನ್ನಿ ಎಂದರು. 'ಶ' ಬಾರದೆ 'ಸಿಬ್ಬೋಲೆತ್' ಎಂದವನು ಎಫ್ರಯಿಮಿನವನೆಂದು ಗುರುತಿಸಿ ಕೊಂದರು. ಸತ್ತವರು 42,000 ಎಂದು ಬರೆದಿದೆ. ಇಬ್ಬರೂ ಇಸ್ರಯೇಲರೇ, ಒಂದೇ ದೇವರನ್ನು ಆರಾಧಿಸುವವರೇ. ನಾಲಗೆಯ ಒಂದು ಅಕ್ಷರಕ್ಕೆ ನಗುವುದು ಮೊದಲ ಮೆಟ್ಟಿಲು. ಕೊನೆಯ ಮೆಟ್ಟಿಲು ಎಲ್ಲಿದೆ ಎಂದು ಈ ಅಧ್ಯಾಯ ತೋರಿಸುತ್ತದೆ.

ಯೆರೂಸಲೇಮಿನಲ್ಲಿ ನಡೆದದ್ದು

ಈಗ ಪ್ರೇಷಿತರ ಕಾರ್ಯಕಲಾಪಗಳ 2ನೇ ಅಧ್ಯಾಯಕ್ಕೆ ಬರೋಣ. ಪಾರ್ಥಿಯರು, ಮೇದ್ಯರು, ಎಲಾಮಿನವರು, ಈಜಿಪ್ಟಿನವರು, ರೋಮಿನವರು, ಅರಬರು ಹೀಗೆ ಹಲವು ನಾಡಿನವರು ಅಲ್ಲಿ ನೆರೆದಿದ್ದರು. ಪವಿತ್ರಾತ್ಮರು ಅವರೆಲ್ಲರನ್ನೂ ಮತ್ತೆ ಒಂದೇ ಭಾಷೆಗೆ ತರಬಹುದಿತ್ತು. ತರಲಿಲ್ಲ. ಪ್ರತಿಯೊಬ್ಬರೂ ದೇವರ ಮಹತ್ಕಾರ್ಯಗಳನ್ನು ತಮ್ಮ ತಮ್ಮ ತಾಯಿನುಡಿಯಲ್ಲೇ ಕೇಳಿದರು. ಬಾಬೆಲಿಗೆ ದೇವರು ಕೊಟ್ಟ ಉತ್ತರ ಇದು: ಭಾಷೆಗಳು ಉಳಿದವು, ಗಲಿಬಿಲಿ ಹೋಯಿತು.

ಅಂದು ಎದ್ದು ನಿಂತು ಮಾತನಾಡಿದವರು ಯಾರು? ಪೇತ್ರ. ಯೇಸುಸ್ವಾಮಿ ಬಂಧಿತರಾದ ರಾತ್ರಿ ಅಂಗಳದಲ್ಲಿ ಜನ ಪೇತ್ರನನ್ನು ಗುರುತು ಹಿಡಿದದ್ದು ಅವನ ಗಲಿಲೇಯದ ಹಳ್ಳಿ ಉಚ್ಚಾರಣೆಯಿಂದ. ಅಂದು ಅವನು ಆಣೆ ಇಟ್ಟು ಪ್ರಭುವನ್ನೇ ನಿರಾಕರಿಸಿದ. ಐವತ್ತು ದಿನಗಳ ಬಳಿಕ, ಅದೇ ನಗರದಲ್ಲಿ, ಅದೇ ಗಲಿಲೇಯದ ಬಾಯಿಂದ ಧರ್ಮಸಭೆಯ ಮೊದಲ ಪ್ರಬೋಧನೆ ಹೊರಟಿತು. ಪವಿತ್ರಾತ್ಮರು ಅವನ ಉಚ್ಚಾರಣೆಯನ್ನು ತಿದ್ದಲಿಲ್ಲ, ಅವನ ಭಯವನ್ನು ತೆಗೆದರು. ಮಕ್ಕಳೇ, ನಿಮ್ಮ ಮಾತಿಗೆ ಯಾರಾದರೂ ನಕ್ಕರೆ ಸಂತ ಪೇತ್ರರನ್ನು ನೆನೆಯಿರಿ.

ಧರ್ಮಸಭೆಯೂ ಈ ಪಾಠವನ್ನು ಕಲಿಯುತ್ತಾ ಬಂದಿದೆ. 17ನೇ ಶತಮಾನದಲ್ಲಿ ಶ್ರೀರಂಗಪಟ್ಟಣಕ್ಕೆ ಬಂದ ಇಟಲಿಯ ಯೇಸುಸಭೆಯ ಗುರು ಲಿಯೊನಾರ್ಡೊ ಚಿನ್ನಮಿ ಮೊದಲು ಕನ್ನಡದ ವಿದ್ಯಾರ್ಥಿಯಾದರು, ಆಮೇಲೆ ಕನ್ನಡದಲ್ಲಿ ಧರ್ಮೋಪದೇಶ ಬರೆದರು. 1963ರಲ್ಲಿ ವ್ಯಾಟಿಕನ್ ಮಹಾಸಭೆ ಆರಾಧನೆಯಲ್ಲಿ ಜನಭಾಷೆಗೆ ದಾರಿ ತೆರೆಯಿತು. ಲತೀನಿನಲ್ಲಿ ಪೂಜೆ ಕೇಳಿದ ನಮ್ಮ ಅಜ್ಜಿ ತಾತಂದಿರು ಅನಂತರ ಕನ್ನಡದಲ್ಲಿ ದೇವರಿಗೆ ಓಗೊಟ್ಟರು. ಹೀಗಿರುವಾಗ ಹಬ್ಬದ ಪೂಜೆ ಯಾವ ಭಾಷೆಯಲ್ಲಿ, ಎಷ್ಟು ಹೊತ್ತಿಗೆ ಎಂದು ನಾವೇ ಗುಂಪು ಕಟ್ಟಿ ಜಗಳವಾಡಿದರೆ, ಮಕ್ಕಳು ನಮ್ಮನ್ನು ನೋಡಿ ಕಲಿಯುವುದು ಯಾವ ಪಾಠ, ಬಾಬೆಲಿನದೋ ಪಂಚಾಶತ್ತಮದ್ದೋ?

ಇಟ್ಟಿಗೆ ಬಿದ್ದರೆ ಅತ್ತರು

ಯೆಹೂದ್ಯ ಗುರುಗಳು ಹೇಳುತ್ತಿದ್ದ ಹಳೆಯ ಕಥೆಯೊಂದಿದೆ. ಬಾಬೆಲಿನ ಗೋಪುರ ಎಷ್ಟು ಎತ್ತರವಾಯಿತೆಂದರೆ, ಮೇಲಿಂದ ಇಟ್ಟಿಗೆ ಬಿದ್ದರೆ ಜನ ಕುಳಿತು ಅಳುತ್ತಿದ್ದರಂತೆ. ಮನುಷ್ಯ ಬಿದ್ದು ಸತ್ತರೆ ತಿರುಗಿಯೂ ನೋಡುತ್ತಿರಲಿಲ್ಲವಂತೆ. ಇಂದು ನಮ್ಮ ಸುತ್ತ ಏಳುತ್ತಿರುವ ಕಟ್ಟಡಗಳನ್ನು ಹತ್ತು ಭಾಷೆಯ ಜನ ಸೇರಿ ಕಟ್ಟುತ್ತಿದ್ದಾರೆ. ಚದರಡಿಯ ಬೆಲೆ ನಮಗೆ ಬಾಯಿಪಾಠ. ಇಟ್ಟಿಗೆ ಹೊರುವ ಒಬ್ಬ ತಾಯಿಯ ಹೆಸರು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಹೆಸರು ಗಳಿಸಲು ಗೋಪುರ ಕಟ್ಟುವುದು ಬಾಬೆಲ್. ಪಕ್ಕದವರ ಹೆಸರು ಕೇಳಿ ತಿಳಿಯುವುದು ಪಂಚಾಶತ್ತಮ.

ಆದ್ದರಿಂದ ಈ ವಾರ ಮೂರು ಕೆಲಸ ಮಾಡೋಣ. ಮಕ್ಕಳೇ, ನಿಮ್ಮ ತರಗತಿಯಲ್ಲಿ ಬೇರೆ ಭಾಷೆಯ ಮಗುವಿನಿಂದ ಮೂರು ಮಾತು ಕಲಿಯಿರಿ: ನೀರು, ಊಟ, ಗೆಳೆಯ. ಅವರಿಗೂ ಕನ್ನಡದ ಮೂರು ಮಾತು ಕಲಿಸಿ. ನಾಡಿನ ಭಾಷೆ ಅವರಿಗೂ ಬೇಕು, ಅದು ನಗೆಯಿಂದ ಬರುವುದಿಲ್ಲ, ಗೆಳೆತನದಿಂದ ಬರುತ್ತದೆ. ಎರಡನೆಯದಾಗಿ, ನಮ್ಮ ಮನೆಯವರು ಮೊದಲು ಯಾವ ಊರಿನಿಂದ, ಯಾಕೆ ಬಂದರು ಎಂದು ಅಜ್ಜಿ ತಾತನನ್ನು ಕೇಳಿ ಬರೆದುಕೊಳ್ಳಿ, ಧರ್ಮೋಪದೇಶ ತರಗತಿಗೆ ತನ್ನಿ. ಮೂರನೆಯದು ತಂದೆತಾಯಂದಿರಿಗೆ. ಮಕ್ಕಳಿಗೆ ಇಂಗ್ಲಿಷ್ ಬರಲಿ, ಬೇಡವೆನ್ನುವುದಿಲ್ಲ. ಆದರೆ ಅಜ್ಜಿಯ ಜೊತೆ ಮಾತನಾಡಲು ಬಾರದ ಮೊಮ್ಮಗು ಮನೆಯೊಳಗಿನ ಬಾಬೆಲ್. ರಾತ್ರಿ ಜಪಸರದ ಬಳಿಕ ಹತ್ತು ನಿಮಿಷ ಟಿ.ವಿ., ಮೊಬೈಲು ಬದಿಗಿಟ್ಟು ಮನೆಮಾತಿನಲ್ಲಿ ಮಾತನಾಡಿ.

ಹಾಗಾದರೆ ನಮ್ಮ ಕನ್ನಡ ಶಿಕ್ಷೆಯೇ? ಅಲ್ಲ ಮಕ್ಕಳೇ. ಕನ್ನಡ ದೇವರ ವರ. ನಿಮ್ಮ ಪಕ್ಕದಲ್ಲಿ ಕೂರುವ ಮಗುವಿನ ಒಡಿಯಾ, ತೆಲುಗು, ಉರ್ದು, ಕೊಂಕಣಿ, ತಮಿಳು ಕೂಡ ಅಷ್ಟೇ ದೇವರ ವರ. ಅವರ ಮಾತನ್ನು ಕೇಳಿಸಿಕೊಳ್ಳುವ ಕಿವಿಯನ್ನು ಪವಿತ್ರಾತ್ಮರು ನಮಗೆಲ್ಲರಿಗೂ ದಯಪಾಲಿಸಲಿ. ಆಮೆನ್.